ಬರೆದದ್ದನ್ನು ಎಷ್ಟು ಸಲ ಓದುತ್ತಾರೆ?

2025ರ ಜುಲೈ ತಿಂಗಳ ಒಂದು ರಾತ್ರಿ ಒಂಬತ್ತೂವರೆಗೆ ಅಕ್ಕನ ಮಗಳು ತುಮಕೂರಿನಿಂದ ಫೋನ್ ಮಾಡಿದಳು. ಅಲ್ಲಿ ಆಗ ಬೆಳಿಗ್ಗೆ ಹತ್ತು ಗಂಟೆ. ಆಗಸ್ಟ್ ತಿಂಗಳಲ್ಲಿ ಅವಳು ಕ್ಯಾಲಿಫೋರ್ನಿಯಾಕ್ಕೆ ಬಂದು, ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಒಂದು ಕಮ್ಯುನಿಟಿ ಕಾಲೇಜಿಗೆ ಸೇರಿ, ಎರಡು ವರ್ಷ ಓದಿ, ಅಲ್ಲಿಂದ ಯೂನಿವರ್ಸಿಟಿಗೆ ವರ್ಗವಾಗಿ ಕಂಪ್ಯೂಟರ್ ಸೈನ್ಸ್ ಪದವಿ ಮುಗಿಸಬೇಕು ಎನ್ನುವುದು ಮನೆಯವರೆಲ್ಲ ಕೂತು ಮಾಡಿಕೊಂಡಿದ್ದ ನಿರ್ಧಾರ. "ಚಿಕ್ಕಮ್ಮ, ಮ್ಯಾಥ್ಸು, ಪ್ರೋಗ್ರಾಮಿಂಗು ಯಾವುದು ತಗೋಬೇಕು ಅಂತ ಗೊತ್ತಾಯ್ತು. ಈ ಇಂಗ್ಲಿಷ್ ಯಾಕೆ ತಗೋಬೇಕು ಅಂತಲೇ ಗೊತ್ತಾಗ್ತಿಲ್ಲ. ಒಂದೇ ಕೋರ್ಸಿಗೆ ಇಪ್ಪತ್ತು ಸೆಕ್ಷನ್ ತೋರಿಸ್ತಿದೆ. ಯಾವುದು ಸುಲಭ ಅಂತ ಹೇಳಿಬಿಡಿ, ಅದನ್ನೇ ಹಾಕ್ಕೊಂಡುಬಿಡ್ತೀನಿ" ಎಂದಳು. ಅವಳಿಗೆ ಆಗ ನಾನು ನೇರವಾಗಿ ಉತ್ತರ ಕೊಡಲಿಲ್ಲ, ಎರಡು ದಿನ ಬಿಟ್ಟು ಮಾತಾಡೋಣ ಎಂದೆ. ಅವಳು ಕೇಳಿದ್ದು ಸಣ್ಣ ಪ್ರಶ್ನೆಯಲ್ಲ. ಹನ್ನೊಂದು ವರ್ಷದ ಹಿಂದೆ, 2014ರಲ್ಲಿ, ಅದೇ ಪ್ರಶ್ನೆಯನ್ನು ನಾನು ಯಾರಲ್ಲಿಯೂ ಕೇಳದೆ ಒಬ್ಬಳೇ ಎದುರಿಸಿದ್ದೆ.

ಸುಲಭವಾದದ್ದನ್ನು ಆಯುವ ಅವಳ ಯೋಚನೆಯನ್ನು ನಾನು ತಪ್ಪು ಎನ್ನಲಾರೆ, ಏಕೆಂದರೆ ನಮ್ಮ ಕಡೆ ಭಾಷೆಯ ವಿಷಯವನ್ನು ಆಯುವುದೇ ಹಾಗೆ. ನಾನು ಓದುತ್ತಿದ್ದ ಕಾಲದಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125 ಅಂಕ, ಒಟ್ಟು 625. ಪಟ್ಟಣದ ಶಾಲೆಗಳ ಎಷ್ಟೋ ಮಕ್ಕಳು ಮನೆಮಾತು ಕನ್ನಡವಾಗಿದ್ದರೂ ಸಂಸ್ಕೃತ ತೆಗೆದುಕೊಳ್ಳುತ್ತಿದ್ದರು. ಆ ಭಾಷೆಯ ಮೇಲಿನ ಒಲವಿಗಿಂತ ಅದು 'ಸ್ಕೋರಿಂಗ್ ಸಬ್ಜೆಕ್ಟ್' ಎಂಬ ಹೆಸರೇ ಅದಕ್ಕೆ ಕಾರಣ. ಪಿಯುಸಿಗೆ ಬಂದಾಗಲೂ ಅದೇ ಲೆಕ್ಕ ಮುಂದುವರಿಯುತ್ತಿತ್ತು. ಎಂಜಿನಿಯರಿಂಗ್‌ಗೆ ಹೋದವರಿಗೆ ವಿಟಿಯುನಲ್ಲಿ ಕನ್ನಡ ಬಲ್ಲವರಿಗೆ 'ಸಾಂಸ್ಕೃತಿಕ ಕನ್ನಡ', ಬಾರದವರಿಗೆ 'ಬಳಕೆ ಕನ್ನಡ' ಎಂಬ ಸಣ್ಣ ಕೋರ್ಸುಗಳಿವೆ. ಅಲ್ಲಿಯೂ ಮಕ್ಕಳು ನೋಡುವುದು ಪಾಸಾಗುವುದನ್ನಷ್ಟೇ. ಹೀಗೆ ಭಾಷೆಯೆಂದರೆ ಒಟ್ಟು ಅಂಕವನ್ನು ಮೇಲೆತ್ತುವ ಸಾಧನ ಎಂದು ಹದಿನೈದನೇ ವಯಸ್ಸಿಗೇ ಕಲಿತುಬಿಟ್ಟ ಮಗು, ಬರೆಯುವುದಕ್ಕೆಂದೇ ಒಂದು ಕೋರ್ಸಿದೆ, ಅದನ್ನು ದಾಟದೆ ಪದವಿಯಿಲ್ಲ ಎಂದಾಗ ಅದೇ ಲೆಕ್ಕವನ್ನು ಇಲ್ಲಿಗೂ ಹೊತ್ತು ತರುವುದು ಸಹಜ.

ಅಮೆರಿಕದ ಕಾಲೇಜುಗಳಲ್ಲಿ ಈ ಕಡ್ಡಾಯ ಹಳೆಯದು. ಹಾರ್ವರ್ಡ್ 1874ರಲ್ಲಿ ಪ್ರವೇಶ ಪರೀಕ್ಷೆಗೆ ಒಂದು ಚಿಕ್ಕ ಇಂಗ್ಲಿಷ್ ಪ್ರಬಂಧವನ್ನು ಸೇರಿಸಿತು. ಬರೆದವರ ಮಟ್ಟ ನೋಡಿ ಕಳವಳಗೊಂಡು 1885ರಲ್ಲಿ 'ಇಂಗ್ಲಿಷ್ ಎ' ಎಂಬ ಕೋರ್ಸನ್ನು ಹೊಸ ವಿದ್ಯಾರ್ಥಿಗಳಿಗೆ ಇಟ್ಟಿತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 1898ರಲ್ಲಿ 'ಸಬ್ಜೆಕ್ಟ್ ಎ' ಎಂಬ ಹೆಸರಿನಲ್ಲಿ ತನ್ನದೇ ನಿಯಮ ತಂದಿತು. ಇಂದು ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಿಂದ ಯುಸಿ (ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಅಥವಾ ಸಿಎಸ್‌ಯು (ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ) ಕ್ಯಾಂಪಸ್ಸುಗಳಿಗೆ ಹೋಗುವವರು ಸಾಮಾನ್ಯ ಶಿಕ್ಷಣಕ್ಕಾಗಿ ಅನುಸರಿಸುವ ಪಟ್ಟಿಯ ಹೆಸರು ಕ್ಯಾಲ್-ಜಿಇಟಿಸಿ. 2025ರಿಂದ ಜಾರಿಗೆ ಬಂದ ಈ ಪಟ್ಟಿಯಲ್ಲಿ 11 ಕೋರ್ಸು, 34 ಯೂನಿಟ್ (ಕ್ರೆಡಿಟ್) ಇವೆ, ಪ್ರತಿಯೊಂದರಲ್ಲೂ ಕನಿಷ್ಠ ಸಿ ಗ್ರೇಡ್ ಬರಬೇಕು. ಅದರ ಮೊದಲ ಭಾಗವೇ ಬರವಣಿಗೆಯದು: ಇಂಗ್ಲಿಷ್ ಪ್ರಬಂಧ ರಚನೆಯ ಒಂದು ಕೋರ್ಸು, ವಿಮರ್ಶಾತ್ಮಕ ಚಿಂತನೆ ಮತ್ತು ಬರವಣಿಗೆಯ ಇನ್ನೊಂದು, ಜೊತೆಗೆ ಮಾತುಗಾರಿಕೆಯ ಮೂರನೆಯದು. ಮುಂಚೆ ಒಂದೊಂದು ಕಾಲೇಜು ಒಂದೊಂದು ಸಂಖ್ಯೆ ಕೊಡುತ್ತಿದ್ದ ಮೊದಲೆರಡು ಕೋರ್ಸುಗಳಿಗೆ ಈಗ ರಾಜ್ಯಕ್ಕೆಲ್ಲ ಒಂದೇ ಹೆಸರು, ಇಂಗ್ಲಿಷ್ ಸಿ1000 ಮತ್ತು ಸಿ1001. ಹೆಸರು ಒಂದಾದರೂ ಒಳಗಿರುವುದು ಒಂದೇ ಅಲ್ಲ. ಪ್ರತಿ ಸೆಕ್ಷನ್ನಿನ ಅಧ್ಯಾಪಕರು ತಮ್ಮದೇ ವಿಷಯವನ್ನು ಆರಿಸಿಕೊಳ್ಳುತ್ತಾರೆ. ಒಬ್ಬರು ಆಹಾರವನ್ನು, ಒಬ್ಬರು ವಲಸೆಯನ್ನು, ಇನ್ನೊಬ್ಬರು ಸಿನಿಮಾವನ್ನು ಇಟ್ಟುಕೊಂಡು ಹದಿನಾರು ವಾರ ಬರೆಸುತ್ತಾರೆ. ಅಕ್ಕನ ಮಗಳು ಇಪ್ಪತ್ತು ಸೆಕ್ಷನ್ ಎಂದದ್ದು ಇದನ್ನೇ.

ನಾನು ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿ, ಮದುವೆಯಾಗಿ ಯಜಮಾನರ ಜೊತೆ ಎಚ್-4 ವೀಸಾದಲ್ಲಿ ಇಲ್ಲಿಗೆ ಬಂದವಳು. ಆ ವೀಸಾದವರಿಗೆ ಕೆಲಸ ಮಾಡುವ ಅನುಮತಿ ಆಗಿನ್ನೂ ಇರಲಿಲ್ಲ (ಕೆಲವರಿಗಾದರೂ ಅದು ಸಿಕ್ಕಿದ್ದು 2015ರ ಮೇ ತಿಂಗಳ ನಂತರ), ಆದರೆ ಓದಲು ಅಡ್ಡಿಯಿರಲಿಲ್ಲ. ರಾಜ್ಯದ ನಿವಾಸಿಗಳಿಗೆ ಯೂನಿಟ್ಟಿಗೆ 46 ಡಾಲರ್ ಶುಲ್ಕ. ಮಗಳು ಶಾಲೆಗೆ ಹೋಗಲು ಶುರುವಾದ ಮೇಲೆ, ಅರ್ಧಕ್ಕೆ ನಿಂತ ಓದನ್ನು ಮುಂದುವರಿಸೋಣ ಎಂದು ಹೋದೆ. ಆಗ ಹೊಸದಾಗಿ ಸೇರುವವರಿಗೆಲ್ಲ ಕಂಪ್ಯೂಟರ್ ಮುಂದೆ ಕೂರಿಸಿ ಒಂದು ಪರೀಕ್ಷೆ ಕೊಡುತ್ತಿದ್ದರು. ಸರಿಯಾದ ವಾಕ್ಯ ಯಾವುದು, ಬಿಟ್ಟ ಜಾಗಕ್ಕೆ ಯಾವ ಪದ ಹೊಂದುತ್ತದೆ ಎಂದು ಗುರುತು ಮಾಡುವುದಷ್ಟೇ; ಒಂದು ಸಾಲನ್ನೂ ಬರೆಯಬೇಕಿರಲಿಲ್ಲ. ಒಂದು ಸಾಲನ್ನೂ ಬರೆಸದೆ ನನ್ನ ಬರವಣಿಗೆ ಎರಡು ಹಂತ ಕೆಳಗಿದೆ ಎಂದು ಆ ಯಂತ್ರ ಹೇಳಿತು. ಹಾಗಾಗಿ ವರ್ಗಾವಣೆಗೆ ಲೆಕ್ಕಕ್ಕೆ ಬರದ ಎರಡು ಕೋರ್ಸು, ಎರಡು ಸೆಮಿಸ್ಟರ್. ಅವುಗಳಲ್ಲಿ ಬಿಡಿ ವಾಕ್ಯಗಳನ್ನು ತಿದ್ದಿದೆವು, ಪ್ಯಾರಾಗ್ರಾಫಿನ ಮೊದಲ ಸಾಲು ಹೇಗಿರಬೇಕೆಂದು ಅಭ್ಯಾಸ ಮಾಡಿದೆವು. ನನ್ನ ಜೊತೆ ಮೊದಲ ದಿನ ಕೂತಿದ್ದ ಎಷ್ಟೋ ಜನ ಎರಡನೇ ಸೆಮಿಸ್ಟರಿಗೆ ಬರಲೇ ಇಲ್ಲ. ನೋವಾದದ್ದು ನಿಜ. ಆ ನೋವು ನನ್ನೊಬ್ಬಳದಲ್ಲ ಎಂದು ಆಮೇಲೆ ತಿಳಿಯಿತು: 2017ರಲ್ಲಿ ಎಬಿ 705 ಎಂಬ ಕಾನೂನು ಬಂದು, ಪರೀಕ್ಷೆಗಿಂತ ಹೈಸ್ಕೂಲಿನ ಅಂಕಗಳನ್ನೇ ಆಧಾರವಾಗಿ ನೋಡಬೇಕು, ವಿದ್ಯಾರ್ಥಿಗಳು ಒಂದು ವರ್ಷದೊಳಗೆ ಲೆಕ್ಕಕ್ಕೆ ಬರುವ ಇಂಗ್ಲಿಷ್ ಕೋರ್ಸನ್ನು ಮುಗಿಸುವಂತಾಗಬೇಕು ಎಂದು ಕಾಲೇಜುಗಳಿಗೆ ವಿಧಿಸಿತು. ಈಗ ಬರುವ ಮಕ್ಕಳು ನೇರವಾಗಿ ಮೊದಲ ಕೋರ್ಸಿಗೇ ಸೇರಬಹುದು. ಬೇಕಾದವರಿಗೆ ಅದರ ಜೊತೆಯಲ್ಲೇ ವಾರಕ್ಕೊಂದೆರಡು ಗಂಟೆ ಹೆಚ್ಚಿನ ಬೆಂಬಲದ ತರಗತಿ ಇರುವ ಸೆಕ್ಷನ್ನುಗಳಿವೆ.

ಮೂರನೇ ಸೆಮಿಸ್ಟರಿನಲ್ಲಿ ಕೊನೆಗೂ ಮೊದಲ ಕೋರ್ಸನ್ನು ಆಯುವ ಹೊತ್ತು ಬಂದಾಗ ನನ್ನ ಮುಂದೆ ಎರಡು ಸೆಕ್ಷನ್ನುಗಳಿದ್ದವು. ಒಂದರ ಅಧ್ಯಾಪಕರ ಬಗ್ಗೆ ವಿದ್ಯಾರ್ಥಿಗಳು ಅಧ್ಯಾಪಕರ ಬಗ್ಗೆ ಅಭಿಪ್ರಾಯ ಬರೆಯುವ ರೇಟ್ ಮೈ ಪ್ರೊಫೆಸರ್ಸ್ ಎಂಬ ಜಾಲತಾಣದಲ್ಲಿ ಎಲ್ಲರೂ ಒಳ್ಳೆಯ ಮಾತು ಬರೆದಿದ್ದರು: ನಾಲ್ಕು ಪ್ರಬಂಧ, ಬರೆದು ಕೊಟ್ಟರೆ ಗ್ರೇಡ್, ತೊಂದರೆಯಿಲ್ಲ. ಇನ್ನೊಂದರಲ್ಲಿ ಮೂರೇ ಪ್ರಬಂಧ, ಆದರೆ ಪ್ರತಿಯೊಂದನ್ನೂ ಮೂರು ಸಲ ಬರೆಯಬೇಕು, ನಡುವೆ ಒಂದು ಸಲ ಅಧ್ಯಾಪಕಿಯ ಎದುರು ಕೂತು ಮಾತಾಡಬೇಕು. ಅವರ ಬಗ್ಗೆ ಬರೆದವರಲ್ಲಿ ಅರ್ಧ ಜನ ಕೆಲಸ ವಿಪರೀತ ಎಂದು ದೂರಿದ್ದರು. ನಾನು ಮೊದಲನೆಯದಕ್ಕೇ ಹೆಸರು ಹಾಕಿದೆ. ಅದು ತುಂಬಿಹೋಗಿ ವೇಟ್‌ಲಿಸ್ಟಿನಲ್ಲಿ ಹದಿನಾಲ್ಕನೆಯವಳಾದೆ. ಎರಡನೆಯದು ಬೆಳಿಗ್ಗೆ ಒಂಬತ್ತು ಮುಕ್ಕಾಲಿಗೆ, ಮಗಳನ್ನು ಶಾಲೆಗೆ ಬಿಟ್ಟು ಹೋಗಲು ಸರಿಹೋಗುವ ಸಮಯ, ಜಾಗವೂ ಇತ್ತು. ಹಾಗೆ ನಾನು ಆ ಕೋರ್ಸಿಗೆ ಬಂದದ್ದು ವಿವೇಚನೆಯಿಂದಲ್ಲ. ಇದನ್ನು ಮುಚ್ಚಿಟ್ಟು, ತಿಳಿದೇ ಆಯ್ದೆನೆಂದು ಅಕ್ಕನ ಮಗಳಿಗೆ ಹೇಳಲು ನನಗೆ ಮನಸ್ಸಾಗಲಿಲ್ಲ.

ಆ ಸೆಕ್ಷನ್ನಿನ ವಿಷಯ ದುಡಿಮೆ ಮತ್ತು ಹಣ. ಮೊದಲ ಪ್ರಬಂಧ: ನಿಮಗೆ ಹತ್ತಿರದಿಂದ ಗೊತ್ತಿರುವ ಒಂದು ವಸ್ತುವಿನ ಬೆಲೆಯನ್ನು ಯಾರು, ಹೇಗೆ ನಿರ್ಧರಿಸುತ್ತಾರೆ? ನನಗೆ ಗೊತ್ತಿದ್ದದ್ದು ಕೊಬ್ಬರಿ. ನಮ್ಮ ಮನೆಯ ಅಟ್ಟದ ಮೇಲೆ ವರ್ಷವಿಡೀ ತೆಂಗಿನಕಾಯಿ ಇರುತ್ತಿತ್ತು. ಸಿಪ್ಪೆ ಸುಲಿಯದ ಬಲಿತ ಕಾಯಿಗಳನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಕಡಕಡ ಸದ್ದಾಗುವವರೆಗೆ ಹೆಚ್ಚುಕಡಿಮೆ ಹತ್ತು ಹನ್ನೊಂದು ತಿಂಗಳು ಕಾಯಬೇಕು. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ಕೊಬ್ಬರಿಯನ್ನು ಚೀಲಕ್ಕೆ ತುಂಬಿ ತಿಪಟೂರಿಗೋ ಅರಸೀಕೆರೆಗೋ ಸಾಗಿಸಬೇಕು. ಈ ಬಗ್ಗೆ ನನಗಿಂತ ಚೆನ್ನಾಗಿ ಆ ತರಗತಿಯಲ್ಲಿ ಯಾರು ಬರೆದಾರು ಎನ್ನುವ ಧೈರ್ಯ ನನಗಿತ್ತು.

ಕೂತು ಬರೆದೆ. ಆದರೆ ನನ್ನ ಕೈಗೆ ಬರೆಯುವ ಒಂದೇ ದಾರಿ ಗೊತ್ತಿತ್ತು. ಹೈಸ್ಕೂಲಿನಲ್ಲಿ ನಿಬಂಧವೆಂದರೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಪರೀಕ್ಷೆಗೆ ಬರಬಹುದಾದ ಐದಾರು ವಿಷಯಗಳನ್ನು, ಗ್ರಂಥಾಲಯದ ಮಹತ್ವ, ಪರಿಸರ ಮಾಲಿನ್ಯ, ರಾಷ್ಟ್ರೀಯ ಹಬ್ಬಗಳು ಇತ್ಯಾದಿಗಳನ್ನು, ಗೈಡಿನಿಂದ ಬಾಯಿಪಾಠ ಮಾಡಿರುತ್ತಿದ್ದೆವು. ಗಾದೆ ವಿಸ್ತರಿಸಲು ಹೇಳಿದರೆ ಗಾದೆ ಯಾವುದೇ ಇರಲಿ, 'ವೇದ ಸುಳ್ಳಾದರೂ ಗಾದೆ ಸುಳ್ಳಾಗದು' ಎಂದೇ ಶುರುಮಾಡುತ್ತಿದ್ದೆವು, ಅದಕ್ಕೇ ಒಂದು ಅಂಕ ಖಾತ್ರಿ. ನಮ್ಮ ಮೇಷ್ಟ್ರುಗಳನ್ನು ನಾನು ದೂರುತ್ತಿಲ್ಲ, ಒಂದೊಂದು ತರಗತಿಯಲ್ಲಿ ಅರವತ್ತು ಮಕ್ಕಳನ್ನು ಪಾಸು ಮಾಡಿಸಬೇಕಾಗಿದ್ದವರು ಅವರು. ಹಾಗೆ ಕಲಿತ ನಾನು ಕೊಬ್ಬರಿಯ ಪ್ರಬಂಧವನ್ನು 'ರೈತ ದೇಶದ ಬೆನ್ನೆಲುಬು' ಎನ್ನುವ ಮಾತಿನ ಇಂಗ್ಲಿಷ್ ರೂಪದಿಂದ ಶುರುಮಾಡಿ, ದಲ್ಲಾಳಿಗಳು ರೈತರನ್ನು ಮೋಸ ಮಾಡುತ್ತಾರೆ, ಅದಕ್ಕೇ ನಮಗೆ ಬೆಲೆ ಸಿಗುವುದಿಲ್ಲ ಎಂದು ಬರೆದು, ಸರ್ಕಾರ ಎಚ್ಚೆತ್ತುಕೊಳ್ಳಬೇಕು ಎಂದು ಮುಗಿಸಿದೆ.

ಒಂದು ವಾರದ ಮೇಲೆ ಅಧ್ಯಾಪಕಿ ಹಾಳೆಗಳನ್ನು ಹಿಂದಿರುಗಿಸಿದರು. ಗ್ರೇಡ್ ಇರಲಿಲ್ಲ. ಮೊದಲ ಪ್ಯಾರಾದ ಪಕ್ಕ ಪೆನ್ಸಿಲ್ಲಿನಲ್ಲಿ, ಇದನ್ನು ಯಾರು ಬೇಕಾದರೂ ಬರೆಯಬಹುದಿತ್ತು, ನೀವೇ ಬರೆದಿರಿ ಎನ್ನಲು ಇದರಲ್ಲಿ ಏನಿದೆ ಎಂಬರ್ಥದ ಒಂದು ಸಾಲು. ಎರಡನೇ ಪುಟದ ನಡುವೆ ಅಟ್ಟದ ಬಗ್ಗೆ ನಾನು ಬರೆದಿದ್ದ ಎರಡು ವಾಕ್ಯಗಳ ಸುತ್ತ ಒಂದು ಗೆರೆ, ಅಲ್ಲಿಂದ ಮೊದಲ ಪುಟದ ತಲೆಗೆ ಒಂದು ಬಾಣ. ದಲ್ಲಾಳಿಗಳ ಮೋಸದ ಮಾತಿನ ಪಕ್ಕ ಮೂರೇ ಪದ: ನಿಮಗೆ ಹೇಗೆ ಗೊತ್ತು? ಮೊದಲು ನನಗೆ ಸಿಟ್ಟು ಬಂತು. ಎಲ್ಲರಿಗೂ ಗೊತ್ತಿರುವ ಮಾತಿಗೆ ಸಾಕ್ಷಿ ಕೇಳುತ್ತಾರಲ್ಲ ಎನಿಸಿತು. ಅವರ ಎದುರು ಕೂತು ಮಾತಾಡುವ ದಿನ ಅದನ್ನೇ ಹೇಳಿದೆ. ಅವರು ಶಾಂತವಾಗಿ, ನಿಮ್ಮ ತಂದೆ ಮಾರಿದ ಲೆಕ್ಕ ಸಿಗುತ್ತದೆಯೇ ಎಂದು ಕೇಳಿದರು.

ಅಪ್ಪನಿಗೆ ಫೋನ್ ಮಾಡಿದೆ. "ಏನಮ್ಮ, ಅಲ್ಲಿ ಕಾಲೇಜಲ್ಲಿ ಕೊಬ್ಬರಿ ಲೆಕ್ಕ ಯಾಕೆ ಬೇಕಂತೆ?" ಎಂದರು. ನಮ್ಮ ಮನೆಯ ನಡುಮನೆಯ ಗೋಡೆಗೆ ಕೊಕ್ಕೆಯಂತೆ ಬಗ್ಗಿಸಿದ ಒಂದು ಕಬ್ಬಿಣದ ತಂತಿ ನೇತಾಡುತ್ತಿತ್ತು, ಮಂಡಿಯವರು ಕೊಟ್ಟ ಚೀಟಿಗಳನ್ನೆಲ್ಲ ಅಪ್ಪ ಅದಕ್ಕೆ ಚುಚ್ಚುತ್ತಿದ್ದರು. ಕೆಳಗಿನವು ಹಳದಿಯಾಗಿ, ಅಂಚು ಮುರಿದು, ಜಿರಳೆ ತಿಂದು ಹೋಗಿದ್ದರೂ ಎಸೆಯುತ್ತಿರಲಿಲ್ಲ. ಅವತ್ತು ಅವರು ಆ ತಂತಿಯನ್ನು ಇಳಿಸಿ, ಕನ್ನಡಕ ಹಾಕಿಕೊಂಡು, ಒಂದೊಂದೇ ಚೀಟಿ ಓದಿ ಹೇಳಿದರು. ದಿನಾಂಕ, ತೂಕ, ದರ, ಕಮಿಷನ್, ಹಮಾಲಿ. ನಾನು ಬರೆದುಕೊಳ್ಳುತ್ತಾ ಹೋದೆ. ಬರೆದುಕೊಂಡ ಮೇಲೆ ನೋಡಿದರೆ, ಒಂದೇ ಮಂಡಿಯವರು ಒಂದೇ ವರ್ಷ ಎರಡು ಸಲ ಕೊಟ್ಟ ದರದಲ್ಲಿ ಬಹಳ ವ್ಯತ್ಯಾಸವಿತ್ತು, ಜೂನ್ ತಿಂಗಳಲ್ಲಿ ಮಾರಿದ್ದಕ್ಕೆ ಸಿಕ್ಕಿದ್ದು ತೀರ ಕಡಿಮೆ. ಅದು ಒಂದು ವರ್ಷದ ಮಾತಲ್ಲ, ಮೂರು ವರ್ಷ ಹಾಗೇ ಇತ್ತು. ಜೂನಿನಲ್ಲಿ ಮಾತ್ರ ಯಾಕೆ ಹೀಗೆ ಎಂದು ಕೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವು ಪೂರ್ತಿ ಒಣಗಿರಲಿಲ್ಲ ಕಣಮ್ಮ. ಇನ್ನೂ ಎರಡು ಮೂರು ತಿಂಗಳು ಅಟ್ಟದ ಮೇಲೆ ಇರಬೇಕಿತ್ತು. ನಿನ್ನ ಡಿಪ್ಲೊಮಾ ಫೀಸು, ಹಾಸ್ಟೆಲ್ ಫೀಸು ಕಟ್ಟೋದು ಜೂನಿನಲ್ಲೇ ಅಲ್ವಾ?" ಎಂದರು.

ಮೂರು ವರ್ಷ ನಾನು ಆ ಹಣದಲ್ಲಿ ಓದಿದ್ದೆ, ಅದು ಎಲ್ಲಿಂದ ಬಂತೆಂದು ಕೇಳಿರಲಿಲ್ಲ. ದಲ್ಲಾಳಿಯ ಕಮಿಷನ್ ಇತ್ತು, ತೂಕದಲ್ಲಿ ಹಿಡಿದುಕೊಳ್ಳುವುದೂ ಇತ್ತು, ಅದನ್ನು ಪ್ರಬಂಧದಿಂದ ತೆಗೆಯಲಿಲ್ಲ. ಆದರೆ ಆ ಬೆಲೆಯನ್ನು ನಿರ್ಧರಿಸಿದ ದೊಡ್ಡ ಸಂಗತಿ, ಕಾಯಿ ಒಣಗುವ ಕಾಲಕ್ಕೂ ಶಾಲೆ ಕಾಲೇಜು ಹಣ ಕೇಳುವ ಕಾಲಕ್ಕೂ ಹೊಂದಿಕೆಯಿಲ್ಲದಿರುವುದು ಎಂದು ಎರಡನೇ ಸಲ ಬರೆದೆ. ಮೂರನೇ ಸಲ ಬರೆಯುವಾಗ ಆ ಮಾತು ಮೊದಲ ಪುಟಕ್ಕೆ ಬಂತು. ಅದೇ ಪ್ರಬಂಧವನ್ನು ಒಂದೇ ಸಲ ಬರೆದು ಕೊಟ್ಟು ಗ್ರೇಡ್ ತೆಗೆದುಕೊಂಡಿದ್ದರೆ ನನ್ನ ಅಪ್ಪನ ಆ ಜೂನ್ ತಿಂಗಳುಗಳು ನನಗೆ ಇವತ್ತಿಗೂ ತಿಳಿಯುತ್ತಿರಲಿಲ್ಲ. ಕೋರ್ಸು ಆಯುವ ವಿಷಯದಲ್ಲಿ ನನಗೊಂದು ನಂಬಿಕೆಯಿದ್ದರೆ ಅದು ಹುಟ್ಟಿದ್ದು ಇಲ್ಲಿ. ಸೆಕ್ಷನ್ನಿನ ವಿಷಯ ಯಾವುದು, ಗ್ರೇಡ್ ಹೇಗೆ ಎನ್ನುವುದಕ್ಕಿಂತ ಮುಂಚೆ, ನಾನು ಬರೆದ ಒಂದೇ ಬರಹವನ್ನು ಅಲ್ಲಿ ಎಷ್ಟು ಸಲ ಓದುತ್ತಾರೆ, ಓದಿ ಏನು ಕೇಳುತ್ತಾರೆ ಎಂದು ನೋಡಬೇಕು.

ಭಾಷೆಯ ತಪ್ಪುಗಳ ಬಗ್ಗೆಯೂ ಆ ಅಧ್ಯಾಪಕಿಯ ರೀತಿ ಬೇರೆಯಾಗಿತ್ತು. ನನ್ನ ಬರಹದಲ್ಲಿ 'ಎ', 'ದಿ'ಗಳು ಎಲ್ಲೆಲ್ಲೂ ಬಿಟ್ಟುಹೋಗುತ್ತಿದ್ದವು, ಏಕೆಂದರೆ ಕನ್ನಡದಲ್ಲಿ ಅವುಗಳ ಜಾಗವೇ ಇಲ್ಲ. ಹೋಗಿ, ನೋಡಿ, ತಂದು, ಇಟ್ಟು ಎಂದು ಪೋಣಿಸಿಕೊಂಡು ಹೋಗುವ ಅಭ್ಯಾಸದಿಂದ ಇಂಗ್ಲಿಷ್ ವಾಕ್ಯಗಳು ಮುಗಿಯುತ್ತಲೇ ಇರಲಿಲ್ಲ. ಅದಕ್ಕಿಂತ ದೊಡ್ಡದು, ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವ ಹಾಗೆ ನನ್ನ ಪ್ರಬಂಧದ ಮುಖ್ಯ ಮಾತೂ ಕೊನೆಯ ಪ್ಯಾರಾದಲ್ಲೇ ಬರುತ್ತಿತ್ತು. ನಮ್ಮಲ್ಲಿ ಅದು ಗೌರವದ ಕ್ರಮ. ಕೇಳುವವರನ್ನು ಸಿದ್ಧಮಾಡಿಕೊಂಡು ಆಮೇಲೆ ಹೇಳಬೇಕಾದದ್ದನ್ನು ಹೇಳುತ್ತೇವೆ. ಅವರು ಅದನ್ನು ತಪ್ಪು ಎನ್ನದೆ, ಇಲ್ಲಿಯ ಓದುಗರು ಮೊದಲೇ ದಾರಿ ಕೇಳುತ್ತಾರೆ ಎಂದರು. ಈ ನೋಟಕ್ಕೆ ಒಂದು ಇತಿಹಾಸವಿದೆ ಎಂದು ಆಮೇಲೆ ತಿಳಿದುಕೊಂಡೆ. ನ್ಯೂಯಾರ್ಕ್ ನಗರದ ಸಾರ್ವಜನಿಕ ವಿಶ್ವವಿದ್ಯಾಲಯವು 1970ರಲ್ಲಿ ಹೈಸ್ಕೂಲು ಮುಗಿಸಿದವರಿಗೆಲ್ಲ ಪ್ರವೇಶ ತೆರೆದಾಗ, ಬರೆದು ಅಭ್ಯಾಸವೇ ಇಲ್ಲದ ಸಾವಿರಾರು ಮಕ್ಕಳು ಬಂದರು. ಅಲ್ಲಿಯ ಸಿಟಿ ಕಾಲೇಜಿನ ಮೀನಾ ಶಾನೆಸ್ಸಿ ಎಂಬ ಅಧ್ಯಾಪಕಿ ಅಂಥವರ ಸುಮಾರು ನಾಲ್ಕು ಸಾವಿರ ಪ್ರಬಂಧಗಳನ್ನು ಕೂತು ಓದಿ, ಈ ತಪ್ಪುಗಳು ಅಡ್ಡಾದಿಡ್ಡಿಯಲ್ಲ, ಪ್ರತಿಯೊಂದರ ಹಿಂದೆ ಒಂದು ತರ್ಕವಿದೆ ಎಂದು 1977ರಲ್ಲಿ ತೋರಿಸಿಕೊಟ್ಟರು. ಅವರ ಹೆಸರನ್ನು ಕೇಳಿದಾಗಲೆಲ್ಲ ನನಗೆ ಕೈ ಮುಗಿಯಬೇಕೆನಿಸುತ್ತದೆ.

ಎರಡನೇ ಕೋರ್ಸಿನಲ್ಲಿ ನನ್ನ ಆಯ್ಕೆ ಅಷ್ಟು ಫಲಿಸಲಿಲ್ಲ. ವಿಮರ್ಶಾತ್ಮಕ ಚಿಂತನೆಯ ಆ ಜಾಗವನ್ನು ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ವಿಭಾಗದ ಕೋರ್ಸಿನಿಂದಲೂ ತುಂಬಬಹುದಿತ್ತು, ತತ್ತ್ವಶಾಸ್ತ್ರ ವಿಭಾಗದ ಕೋರ್ಸಿನಿಂದಲೂ ತುಂಬಬಹುದಿತ್ತು. ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ವೇಗವಾಗಿ ಓದಲಾರೆ ಎಂಬ ಅಳುಕಿನಿಂದ, ತರ್ಕವಾದರೆ ಲೆಕ್ಕದ ಹಾಗಿರುತ್ತದೆ ಎಂದುಕೊಂಡು ತತ್ತ್ವಶಾಸ್ತ್ರದ್ದನ್ನು ತೆಗೆದುಕೊಂಡೆ. ತರ್ಕದೋಷಗಳನ್ನು ಗುರುತಿಸುವುದನ್ನು ಅಲ್ಲಿ ಚೆನ್ನಾಗಿ ಕಲಿತೆ, ಅದರಿಂದ ಇಂದಿಗೂ ಉಪಯೋಗವಾಗುತ್ತಿದೆ. ಆದರೆ ಆ ಸೆಕ್ಷನ್ನಿನಲ್ಲಿ ಬರೆದದ್ದು ಒಮ್ಮೆ ಹೋದರೆ ಅಂಕದೊಂದಿಗೆ ಬರುತ್ತಿತ್ತು, ಮತ್ತೆ ಬರೆಯುವ ಮಾತಿರಲಿಲ್ಲ. ಸೆಮಿಸ್ಟರಿನ ಕೊನೆಯಲ್ಲಿ ನನ್ನ ಬರವಣಿಗೆ ಮೊದಲಿದ್ದಲ್ಲೇ ಇತ್ತು. ಇದು ತತ್ತ್ವಶಾಸ್ತ್ರದ ದೋಷವಲ್ಲ. ಅದೇ ವಿಭಾಗದಲ್ಲಿ ಬೇರೆಯವರ ಸೆಕ್ಷನ್ನಿನಲ್ಲಿ ನಾಲ್ಕು ಸಲ ತಿದ್ದಿ ಬರೆಸುತ್ತಿದ್ದರೆಂದು ಗೆಳತಿಯೊಬ್ಬಳು ಆಮೇಲೆ ಹೇಳಿದಳು. ನಾನು ನೋಡಬೇಕಾಗಿದ್ದದ್ದು ವಿಭಾಗದ ಹೆಸರನ್ನಲ್ಲ. ಮುಂದೆ ಸ್ಯಾನ್ ಹೊಸೆ ಸ್ಟೇಟ್ ಯೂನಿವರ್ಸಿಟಿಗೆ ವರ್ಗವಾದ ಮೇಲೆ ಅಲ್ಲಿ ಪದವಿಗೆ ಬೇಕಾದ '100ಡಬ್ಲ್ಯು' ಎಂಬ ಮೇಲಿನ ಹಂತದ ಬರವಣಿಗೆಯ ಕೋರ್ಸನ್ನು ಬೇರೆ ಬೇರೆ ವಿಭಾಗಗಳು ತಮ್ಮ ತಮ್ಮ ರೀತಿಯಲ್ಲಿ ನಡೆಸುತ್ತವೆ ಎಂದು ಕಂಡಾಗ, ಈ ಪಾಠ ನೆನಪಿನಲ್ಲಿತ್ತು.

ಎರಡು ದಿನ ಬಿಟ್ಟು ಅಕ್ಕನ ಮಗಳಿಗೆ ನಾನೇ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವಳು ಬುದ್ಧಿವಂತೆ, ಕೂಡಲೇ ಎದುರು ಪ್ರಶ್ನೆ ಹಾಕಿದಳು. "ಹಾಗಾದ್ರೆ ಇಂಡಿಯಾ ಬಗ್ಗೆ ಇರೋ ಸೆಕ್ಷನ್ ಹುಡುಕಿದ್ರೆ ಆಯ್ತಲ್ವಾ ಚಿಕ್ಕಮ್ಮ? ನೀವೂ ಕೊಬ್ಬರಿ ಬಗ್ಗೆ ಬರೆದಿದ್ದಕ್ಕೇ ಚೆನ್ನಾಗಿ ಬಂತು." ಅಂಥ ಕೋರ್ಸುಗಳು ಇಲ್ಲದಿಲ್ಲ, ಯುಸಿಯ ಬರ್ಕ್ಲಿ ಕ್ಯಾಂಪಸ್ಸಿನಲ್ಲಿ ಓದು-ಬರಹದ ಕಡ್ಡಾಯವನ್ನು ದಕ್ಷಿಣ ಮತ್ತು ಆಗ್ನೇಯ ಏಷ್ಯಾ ಅಧ್ಯಯನ ವಿಭಾಗದ ಕೋರ್ಸುಗಳಿಂದಲೇ ಪೂರೈಸಿಕೊಳ್ಳಬಹುದು. ಆದರೆ ಕೊಬ್ಬರಿಯ ಪ್ರಬಂಧದ ಮೊದಲ ಆವೃತ್ತಿ ಸಪ್ಪೆಯಾಗಿದ್ದಕ್ಕೆ ಕಾರಣವೇ ನನಗೆಲ್ಲ ಗೊತ್ತಿದೆ ಎಂದುಕೊಂಡದ್ದು ಎಂದು ಅವಳಿಗೆ ವಿವರಿಸಿದೆ. ಪರಿಚಿತ ವಿಷಯದಲ್ಲಿ ನಾವು ಕೇಳಿಸಿಕೊಂಡ ಮಾತುಗಳನ್ನೇ ಮತ್ತೆ ಬರೆಯುವ ಅಪಾಯ ಹೆಚ್ಚು. ಅಪರಿಚಿತ ವಿಷಯದಲ್ಲಿ ಏನನ್ನೂ ಕೇಳಲು ತೋಚದೆ ಹೋಗುವ ಅಪಾಯವಿದೆ. ತನಗೆ ಅರ್ಧ ಗೊತ್ತಿರುವ, ಇನ್ನರ್ಧ ಯಾರನ್ನಾದರೂ ಕೇಳಿ ತಿಳಿಯಬೇಕೆನಿಸುವ ವಿಷಯವಿದ್ದರೆ ಅದು ಸರಿಯಾದ ಸೆಕ್ಷನ್. ಅದು ಭಾರತದ್ದಾಗಿರಲಿ, ಇಲ್ಲಿಯ ಬಾಸ್ಕೆಟ್‌ಬಾಲ್ ಆಗಿರಲಿ.

ಉಳಿದದ್ದು ವ್ಯಾವಹಾರಿಕ ಮಾತು. ಸೆಕ್ಷನ್ನಿನಲ್ಲಿ ಎಷ್ಟು ವಿದ್ಯಾರ್ಥಿಗಳಿರುತ್ತಾರೆ ನೋಡು ಎಂದೆ: ಬರವಣಿಗೆ ಕಲಿಸುವವರ ರಾಷ್ಟ್ರಮಟ್ಟದ ಸಂಘವು ಒಂದು ತರಗತಿಯಲ್ಲಿ ಇಪ್ಪತ್ತು ಮೀರಬಾರದು, ಹದಿನೈದಿದ್ದರೆ ಉತ್ತಮ ಎನ್ನುತ್ತದೆ, ಆದರೆ ಕಮ್ಯುನಿಟಿ ಕಾಲೇಜುಗಳಲ್ಲಿ ಇಪ್ಪತ್ತೈದು ಮೂವತ್ತು ಸಾಮಾನ್ಯ. ಕಲಿಸುವವರಲ್ಲಿ ಬಹಳ ಜನ ಅರೆಕಾಲಿಕರು, ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು ಎಂದು ಹೆದ್ದಾರಿಯಲ್ಲೇ ಅರ್ಧ ದಿನ ಕಳೆಯುವವರು. ಅವರು ನೂರು ಪ್ರಬಂಧಗಳನ್ನು ಎರಡೆರಡು ಸಲ ಓದುತ್ತಾರೆಂದರೆ ಅದು ಅವರ ಔದಾರ್ಯ, ಆ ಔದಾರ್ಯವನ್ನು 'ಕೆಲಸ ಜಾಸ್ತಿ' ಎಂದು ದೂರುವವರ ಮಾತಿನಿಂದ ಅಳೆಯಬಾರದು. ರೇಟ್ ಮೈ ಪ್ರೊಫೆಸರ್ಸ್‌ನಲ್ಲಿ ಅಂಕಿಗಳನ್ನು ಬಿಟ್ಟು ದೂರುಗಳನ್ನು ಓದು, ಪುನಃ ಪುನಃ ಬರೆಸುತ್ತಾರೆ ಎಂಬ ದೂರಿದ್ದರೆ ಅಲ್ಲಿ ಗುರುತು ಹಾಕಿಕೋ ಎಂದೆ. ಹಿಂದಿನ ಸೆಮಿಸ್ಟರಿನ ಸಿಲಬಸ್ ಕಳಿಸುತ್ತೀರಾ ಎಂದು ಅಧ್ಯಾಪಕರಿಗೇ ಇಮೇಲ್ ಬರೆದು ಕೇಳಬಹುದು, ಬಹಳ ಜನ ಕಳಿಸುತ್ತಾರೆ. ವಿದ್ಯಾರ್ಥಿ ವೀಸಾದಲ್ಲಿ ಬರುವವರು ಸೆಮಿಸ್ಟರಿಗೆ ಕನಿಷ್ಠ 12 ಯೂನಿಟ್ ಓದಬೇಕು, ಅದರಲ್ಲಿ ಆನ್‌ಲೈನ್ ಓದಿನ ಮೂರು ಯೂನಿಟ್ಟಿಗಿಂತ ಹೆಚ್ಚು ಲೆಕ್ಕಕ್ಕೆ ಬರುವುದಿಲ್ಲ. ಅವಳು ಅದನ್ನು ಇಂಗ್ಲಿಷಿಗೇ ಉಪಯೋಗಿಸಬೇಕೆಂದಿದ್ದಳು. ಬೇಡ, ಈ ಒಂದನ್ನು ತರಗತಿಯಲ್ಲೇ ಕೂತು ಓದು ಎಂದು ಬಲವಾಗಿ ಹೇಳಿದೆ. ಇದನ್ನು ಮುಂದಕ್ಕೆ ತಳ್ಳುವುದೂ ಒಳ್ಳೆಯದಲ್ಲ, ಯುಸಿಗೆ ವರ್ಗವಾಗುವವರು ಹೋಗುವ ಮುಂಚಿನ ವಸಂತಕಾಲದ ಹೊತ್ತಿಗೆ ಎರಡೂ ಬರವಣಿಗೆಯ ಕೋರ್ಸುಗಳನ್ನು ಮುಗಿಸಿರಬೇಕು.

"ಚಾಟ್‌ಜಿಪಿಟಿ ಇರೋವಾಗ ಇದೆಲ್ಲ ಯಾಕೆ ಅಂತ ಫ್ರೆಂಡ್ಸ್ ಕೇಳ್ತಾರೆ" ಎಂದಳು, ಸ್ವಲ್ಪ ಸಂಕೋಚದಿಂದ. ನಾನು ಇದನ್ನು ಹಗುರವಾಗಿ ತೆಗೆದುಕೊಳ್ಳಲಾರೆ. 2022ರ ಕೊನೆಯಲ್ಲಿ ಅದು ಬಂದಂದಿನಿಂದ ಇಲ್ಲಿ ಎಷ್ಟೋ ಅಧ್ಯಾಪಕರು ಮೊದಲ ಕರಡನ್ನು ತರಗತಿಯಲ್ಲೇ ಕೈಯಿಂದ ಬರೆಸುತ್ತಿದ್ದಾರೆ, ಬರೆದದ್ದರ ಬಗ್ಗೆ ಎದುರು ಕೂರಿಸಿ ಕೇಳುತ್ತಿದ್ದಾರೆ. ನನ್ನ ಮೊದಲ ಪ್ರಬಂಧವನ್ನು, ರೈತ ದೇಶದ ಬೆನ್ನೆಲುಬು ಎಂದು ಶುರುವಾಗಿ ಸರ್ಕಾರ ಎಚ್ಚೆತ್ತುಕೊಳ್ಳಬೇಕು ಎಂದು ಮುಗಿಯುವ ಅದನ್ನು, ಆ ಯಂತ್ರ ನನಗಿಂತ ಚೆನ್ನಾಗಿ ಬರೆದುಕೊಟ್ಟೀತು. ತಂತಿಯ ಮೇಲಿದ್ದ ಚೀಟಿಗಳು ಅದರ ಹತ್ತಿರ ಇರಲಿಲ್ಲ, ಜೂನಿನಲ್ಲಿ ಮಾತ್ರ ಯಾಕೆ ಎಂದು ಅಪ್ಪನನ್ನು ಕೇಳುವ ಮಗಳೂ ಅದಲ್ಲ. ಅವಳಿಗೆ ಇಷ್ಟನ್ನೇ ಹೇಳಿದೆ.

ಆಗಸ್ಟ್ ಎರಡನೇ ವಾರ ಅವಳು ಬಂದಳು. ನಮ್ಮ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ನಾಲ್ಕು ಸಿಲಬಸ್ಸುಗಳನ್ನು ತೆರೆದು, ಎಲ್ಲೆಲ್ಲಿ 'ಕರಡು', 'ತಿದ್ದಿ ಬರೆಯುವುದು' ಎಂಬರ್ಥದ ಪದಗಳಿವೆಯೋ ಅಲ್ಲೆಲ್ಲ ಹಳದಿ ಬಣ್ಣ ಹಚ್ಚಿ, ಎರಡು ಗಂಟೆ ಕೂತಿದ್ದಳು. ಕೊನೆಗೆ ಆರಿಸಿಕೊಂಡದ್ದು ಮಂಗಳವಾರ, ಗುರುವಾರ ಬೆಳಿಗ್ಗೆ ಎಂಟು ಗಂಟೆಯ ಸೆಕ್ಷನ್. ವಿಷಯ ನೀರು, ಅದು ನಗರಗಳಿಗೆ ಎಲ್ಲಿಂದ ಬರುತ್ತದೆ, ಯಾರಿಗೆ ಮೊದಲು ಸಿಗುತ್ತದೆ. ಬೆಳಗಿನ ಚಳಿಗೆ ಹೆದರಿ ಹೆಚ್ಚು ಜನ ಸೇರಿರಲಿಲ್ಲ, ಹತ್ತೊಂಬತ್ತೇ ವಿದ್ಯಾರ್ಥಿಗಳು. ಸೆಪ್ಟೆಂಬರ್ ಮಧ್ಯದಲ್ಲಿ ಒಂದು ಭಾನುವಾರ ಊಟಕ್ಕೆ ಬಂದವಳು ತುಮಕೂರಿನ ಮನೆಗೆ ಫೋನ್ ಹಚ್ಚಿ, ಬೇಸಿಗೆಯಲ್ಲಿ ನಲ್ಲಿಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಟ್ಯಾಂಕರ್‌ಗೆ ಎಷ್ಟು ಕೊಡುತ್ತಿದ್ದಿರಿ, ರಸೀದಿ ಇಟ್ಟಿದ್ದೀರಾ ಎಂದು ಅಕ್ಕನನ್ನು ಒಂದೊಂದಾಗಿ ಕೇಳುತ್ತಿದ್ದಳು. ಊಟವಾದ ಮೇಲೆ, ಬರೆದದ್ದನ್ನು ನನಗೂ ತೋರಿಸುತ್ತೀಯಾ, ವ್ಯಾಕರಣ ನೋಡಿ ಕೊಡುತ್ತೇನೆ ಎಂದೆ.

"ಮೊದಲು ಪ್ರೊಫೆಸರ್ ಓದಲಿ ಚಿಕ್ಕಮ್ಮ, ಅವರು ಏನು ಕೇಳ್ತಾರೆ ನೋಡ್ತೀನಿ. ಎರಡನೇ ಸಲ ಬರೆದ ಮೇಲೆ ನಿಮಗೆ ಕೊಡ್ತೀನಿ" ಎಂದಳು. ಆಗಲಿ ಎಂದೆ.